ಎರಡು ಸಲ ಸೇವ್ ಮಾಡಿದ ವಂಶಾವಳಿ

ಆ ನಾಚಿಕೆಗೇಡಿನ ಕೆಲಸವನ್ನು ನಾನು ಮಾಡಿದ್ದು ಆರಾಮಾಗಿ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ. ಆಗ ಅದು ತಪ್ಪು ಅನ್ನಿಸಲೇ ಇಲ್ಲ.

ರಾಮತೀರ್ಥ ನಗರದ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸತು. ಅದರ ದೊಡ್ಡಸ್ತಿಕೆ ನನ್ನ ತಲೆಗೇರಿತ್ತು. ಆ ವರ್ಷ ಬೀಡಿ ಎಂಬ ಹಳ್ಳಿಯಲ್ಲಿರುವ ನಮ್ಮ ಹಿರಿಯರ ಮನೆಗೆ ಹೆಳವ ಬಂದ. ನಾಲ್ಕೈದು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಮನೆತನದ ತಲೆಮಾರುಗಳನ್ನೆಲ್ಲ ಹೇಳಿ, ಕಾಳು ಪಡೆದು ಹೋಗುವವನು. ಅವನು ಹೇಳಿದ್ದನ್ನು ಬರೆದುಕೊಂಡು ಬಂದು ಟೈಪ್ ಮಾಡಿದೆ. ಇನ್ನೇಕೆ ಎಂದು ಕಾಗದ ಹರಿದೆಸೆದೆ.

ಅದರಲ್ಲಿ ನಮ್ಮಜ್ಜನ ಮೊದಲ ಹೆಂಡತಿಯ ಬಗ್ಗೆ ನಾಲ್ಕು ಸಾಲು ಇದ್ದವು. ಆಕೆ ಗಂಡ ಸತ್ತವಳು. ಅಜ್ಜ ಆಕೆಯನ್ನು ಉಡಿಕೆ ಮಾಡಿಕೊಂಡಿದ್ದ, ಅಂದರೆ ಆಕೆಗದು ಮರುಮದುವೆ. ಮುಂದಿನ ವಾರ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಮುಂದೆ ವಂಶಾವಳಿಯ ಪ್ರಿಂಟ್ ಹಿಡಿದು ಮೆರೆಯುವ ಆಸೆ, ಉಡಿಕೆಯ ಮಾತು ಕಂಡರೆ ಮೂಗು ಮುರಿದಾರೆಂಬ ಅಂಜಿಕೆ. ನಾಲ್ಕೂ ಸಾಲು ಅಳಿಸಿ ಸೇವ್ ಮಾಡಿದೆ. ಖಾತ್ರಿಗೆಂದು ಇನ್ನೊಮ್ಮೆ ಸೇವ್ ಮಾಡಿದೆ. ಬಂದವರು ಅವಲಕ್ಕಿ ತಿಂದು ಹೋದರು. ಪ್ರಿಂಟನ್ನು ಕಣ್ಣೆತ್ತಿಯೂ ನೋಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅತ್ತಿ ಬಸ್ ಹತ್ತಿ ಬಂದಳು. ನಮ್ಮಪ್ಪನ ಅಕ್ಕ, ಆ ಮೊದಲ ಹೆಂಡತಿಯ ಮಗಳು. ಆಗಲೇ ಎಂಬತ್ತರ ಹತ್ತಿರ. ಎರಡು ವರ್ಷದವಳಿದ್ದಾಗಲೇ ತಾಯಿ ತೀರಿದ್ದಳು. ಉಡಿಕೆಯಾದ ಮೇಲೆ ತಾಯಿಯ ತವರಿನವರು ಹೋಗಿ ಬರುವ ಬಳಕೆ ಬಿಟ್ಟಿದ್ದರು, ಆ ತವರು ಯಾವುದೆಂದು ಈಕೆಗೆ ಯಾರೂ ಹೇಳಿರಲಿಲ್ಲ. ಹಿಂದೆಲ್ಲ ಹೆಳವ ಬಂದಾಗ ಈಕೆ ಗಂಡನ ಮನೆಯಲ್ಲಿರುತ್ತಿದ್ದಳು, ಈ ಸಲ ಬಂದ ದಿನ ಮಗಳ ಊರಿನಲ್ಲಿದ್ದಳು.

“ಯಪ್ಪಾ, ನಮ್ಮವ್ವನ ತವರೂರು ಹೆಳವ ಹೇಳ್ಯಾನಂತ. ಮನ್ಯಾಗ ಯಾರಿಗೂ ನೆನಪಿಲ್ಲ, ನೀ ಬರಕೊಂಡಿ ಅಂದ್ರು. ಓದಿ ಹೇಳಪಾ. ಹೆಳವ ಯಾವ ಊರಿಗೆ ಹೋದ್ನೋ, ಮತ್ತ ಬರೂತನಕ ನಾ ಇರ್ತೀನೋ ಇಲ್ಲೋ. ಸಾಯೂದ್ರಾಗ ಒಮ್ಮೆ ಆ ಊರ ಮಣ್ಣ ಮುಟ್ಟಿ ಬರ್ತೀನಿ.”

ಊರಿನ ಹೆಸರು ಅಳಿಸಿದ ಸಾಲಿನಲ್ಲಿತ್ತು. ಬಾಯಿಗೆ ಬಂದ ಸುಳ್ಳು ಹೇಳಿದೆ.

“ಅದನ್ನ ವೈರಸ್ ತಿಂದೈತಿ ಅತ್ತಿ.”

“ವೈರಸ್ಸಂದ್ರ? ಗೆದ್ದಲ ಇದ್ದಂಗೇನು?”

“ಹಂಗ ಅನ್ನು.”

“ಹಂಗಾರ ರಿಪೇರಿ ಮಾಡಾಂವನ್ನ ಕರಸು. ನಾ ಕುಂತಿರ್ತೀನಿ.”

ಆಟೋ ನಗರದ ವರ್ಕ್‌ಶಾಪೊಂದರ ಕಂಪ್ಯೂಟರ್ ನೋಡಿಕೊಳ್ಳುವ ಪರಿಚಯದವನೊಬ್ಬ ಬಂದ. ಹಳೆಯ ಪ್ರತಿ ಎಲ್ಲಾದರೂ ಸಿಕ್ಕೀತೆಂದು ಒಳಗೊಳಗೆ ನನಗೂ ಆಸೆ. ರಿಸೈಕಲ್ ಬಿನ್ ನೋಡಿದ, ಟೆಂಪ್ ಫೈಲುಗಳನ್ನು ತಡಕಿದ. ಪ್ರಿಂಟ್ ತೆಗೆಸಲು ಒಯ್ದಿದ್ದ ಫ್ಲಾಪಿಯಲ್ಲೂ ಸಾಲು ಅಳಿಸಿದ ಪ್ರತಿಯೇ ಇತ್ತು. ಕೊನೆಗೆ “ಬ್ಯಾಕಪ್ ಸಿಕ್ತು ನೋಡ್ರಿ” ಎಂದ. ಅತ್ತಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ತೆರೆದರೆ ಅದರಲ್ಲೂ ಆ ಸಾಲುಗಳಿಲ್ಲ.

“ವೈರಸ್ ಏನೂ ಇಲ್ರೀ ಸರ್. ಸೇವ್ ಮಾಡಿದಾಗೊಮ್ಮೆ ಅದರ ಹಿಂದಿನ ಪ್ರತಿ ಒಂದ ಉಳೀತೈತಿ. ಯಾರೋ ಸಾಲ ಅಳಿಸಿ ಎರಡ ಸಲ ಸೇವ್ ಮಾಡ್ಯಾರ. ಒಮ್ಮೆ ಮಾಡಿ ಬಿಟ್ಟಿದ್ರ ಹಳೇದು ಸಿಗತಿತ್ತು.”

ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ. ಹಾಗೆಂದು ಬೀಡಿಯ ತುಂಬ ಸಾರಿಕೊಂಡು ಬಂದವನೂ ನಾನೇ. ಅವನು ಹೋದ ಮೇಲೆ ಅತ್ತಿ ಸ್ಟೂಲನ್ನು ನನ್ನ ಕಡೆ ತಿರುಗಿಸಿಕೊಂಡಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ಉಡಿಕಿ ಅಂತ ಅಳಿಸಿದೇನೋ?”

“ಹೂಂ” ಅಂದೆ.

“ಉಡಿಕಿ ಅನ್ನೂದು ಅಳಸು, ಬ್ಯಾಡ ಅನ್ನಂಗಿಲ್ಲ. ನಮ್ಮವ್ವನ್ನೂ ಅಳಸು. ಊರಷ್ಟ ಬಿಡಬಾರದಿತ್ತೇನೋ ನಮ್ಮಪ್ಪಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಶಾಲೆ ಹುಡುಗನನ್ನು ಕೇಳಿದಂತೆ ಒಂದೊಂದೇ ಕೇಳಿದಳು: “ನೆನಪ ಮಾಡ್ಕೋ. ಘಟ್ಟದ ಕಡೀ ಊರೇನು? ಹೊಳೀ ದಂಡಿ ಮ್ಯಾಲಿಂದೇನು? ಸಣ್ಣ ಹೆಸರೋ, ಉದ್ದನ್ನ ಹೆಸರೋ?”

ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ಕೇಳಿ ಬರೆದುಕೊಂಡವನು ನಾನು, ಟೈಪ್ ಮಾಡಿದವನು ನಾನು, ಅಳಿಸಿದವನೂ ನಾನು. ಆ ಹೆಸರನ್ನು ಒಂದು ಸಲವೂ ಮನಸ್ಸಿಟ್ಟು ಓದಿರಲಿಲ್ಲ.