ನನ್ನ ಹೆಸರಿನ ಕನೆಕ್ಷನ್

ನಾ ಹತ್ತನೇತ್ತ ಪಾಸಾದಾಗ ನನಗ ಮೂವತ್ತೆಂಟು ವರ್ಷ. ತಾಂಡೂರಿಗೆ ಹೋಗಿ ಓಪನ್ ಸ್ಕೂಲಿನ ಪರೀಕ್ಷಾ ಬರದೆ, ತೆಲುಗು ಮೀಡಿಯಂ. ಮನ್ಯಾಗ ನಮ್ದು ಕನ್ನಡ, ಬಜಾರದಾಗ ಉರ್ದು, ಸರ್ಕಾರಿ ಕಾಗದ ಅಂದ್ರ ತೆಲುಗು. ಮರುವರ್ಷ ನಾರಾಯಣಖೇಡದ ಒಂದು ಹಾಸ್ಟೆಲಿನ ಅಟೆಂಡರ್ ಕೆಲಸದ ಪಟ್ಟಿಯೊಳಗ ನನ್ನ ಹೆಸರು ಬಂತು. ಇನ್ನ ಒಂದೇ ಕಾಗದ ಬೇಕಿತ್ತು. ಈ ಮನುಷ್ಯಾನ ಮ್ಯಾಲ ಯಾವ ಕೇಸೂ ಇಲ್ಲ ಅಂತ ಪೊಲೀಸರು ಬರದು ಕೊಡಬೇಕಿತ್ತು.

ಠಾಣೆಗೆ ಹೋಗಿ ಅರ್ಜಿ ಕೊಟ್ಟೆ. ಕಂಪ್ಯೂಟರ್ ಮುಂದ ಕುಂತ ಪೊಲೀಸ್ ನನ್ನ ಆಧಾರ್ ನೋಡಿದ, ನನ್ನ ಮಾರಿ ನೋಡಿದ, ಕುಂಡ್ರು ಅಂದ. ನಿನ್ನ ಹೆಸರಿನ ಇಂಟರ್ನೆಟ್ ಕನೆಕ್ಷನ್ನಿನಿಂದ ಹೊಸ ತೆಲುಗು ಸಿನಿಮಾ ಹೊರಗ ಹೋಗ್ಯಾದ, ಥೇಟರಿಗೆ ಬಂದ ಮೂರನೇ ದಿನಾನೇ. ಸಿನಿಮಾದವ್ರು ಕಂಪ್ಲೇಂಟ್ ಕೊಟ್ಟಾರ, ಹೈದರಾಬಾದಿನಿಂದ ನಮಗ ಕಾಗದ ಬಂದದ ಅಂದ. ನನ್ನ ಮನ್ಯಾಗ ಇಂಟರ್ನೆಟ್ ಇಲ್ಲರಿ ಅಂದೆ. ಅವ ಕಾಗದ ತಿರುಗಿಸಿ ತೋರ್ಸಿದ. ನನ್ನ ಹೆಸರು, ನನ್ನ ಫೋಟೋ, ವಿಳಾಸ ಮಾತ್ರ ಜಹೀರಾಬಾದ್ ಬಸ್ ಸ್ಟ್ಯಾಂಡ್ ಬಾಜೂದ ಒಂದು ದುಕಾನದ್ದು.

ಆ ದುಕಾನ ನನ್ನ ಷಡ್ಡಕಂದು, ಅಂದ್ರ ನನ್ನ ಹೆಂಡ್ತಿ ಅಕ್ಕನ ಗಂಡಂದು. ಜೆರಾಕ್ಸ್, ಸ್ಕ್ಯಾನ್, ಫೋಟೋ ಮಾಡ್ತಾನ, ಮೆಮೊರಿ ಕಾರ್ಡಿಗೆ ಹಾಡು ಸಿನಿಮಾ ತುಂಬಿ ಕೊಡ್ತಾನ. ಅವನ ಊರು ಮೊಗುಡಂಪಲ್ಲಿ ದಾಟಿದ ಮ್ಯಾಲ ಬೀದರ್ ಜಿಲ್ಲಾದಾಗ, ಆಧಾರ್ ಕರ್ನಾಟಕದ್ದು. ಕನೆಕ್ಷನ್ ಕೊಡಾಂವ ಇತ್ತ ಕಡಿ ವಿಳಾಸದ ಕಾರ್ಡ್ ಬೇಕಂದಾಗ ನನ್ನ ಹಂತ್ಯಾಕ ಬಂದಿದ್ದ. ಗಡಿ ಮ್ಯಾಗಿನ ಜನ ಒಬ್ರಿಗೊಬ್ರು ಹೆಸರು ಕೊಡೋದು ಹೊಸದಲ್ಲ. ಅತ್ತ ಕಡಿಯವ್ರಿಗೆ ಇಲ್ಲಿ ಗ್ಯಾಸ್ ಬೇಕಂದ್ರ ಇಲ್ಲಿ ಬೀಗರ ಹೆಸರು, ನಮಗ ಬೀದರದಾಗ ಏನಾರ ಬೇಕಂದ್ರ ಅಲ್ಲಿ ಬೀಗರ ವಿಳಾಸ. ಇಲ್ಲ ಅಂದ್ರ ಬೀಗತನಕ್ಕ ಕಮ್ಮಿ. ನಾ ಹೆಬ್ಬಟ್ಟು ಒತ್ತಿ ಕೊಟ್ಟೆ, ಮರತೂ ಬಿಟ್ಟೆ.

ಆ ಪೊಲೀಸ್ ಒಳ್ಳೇ ಮನುಷ್ಯಾ, ತಿಳಿಸಿ ಹೇಳಿದ. ಸಿನಿಮಾ ಇಳಿಸ್ಕೊಳ್ಳಾಕ ಕಂಪ್ಯೂಟರಿನ್ಯಾಗ ಒಂದು ಪ್ರೋಗ್ರಾಂ ಇರ್ತದ, ಅದರಾಗ ಬರೇ ಇಳಿಸ್ಕೊಳ್ಳಾಕ ಆಗಂಗಿಲ್ಲ. ಪಂಕ್ತಿಯೊಳಗ ಕುಂತು ಉಣ್ಣಾಂವನೇ ತನ್ನ ತಾಟಿಂದು ಬಾಜೂದವನ ತಾಟಿಗೆ ಬಡಿಸಿದಂಗ, ಇಳಿಸ್ಕೊಂಡಾಂವ ತನಗ ಗೊತ್ತಿಲ್ದಂಗ ಊರ ಮಂದಿಗೆಲ್ಲಾ ಹಂಚ್ತಿರ್ತಾನ. ಹಂಚಿದ್ದೇ ದೊಡ್ಡ ತಪ್ಪು. ಕನೆಕ್ಷನ್ ಯಾರ ಹೆಸರಿನ್ಯಾಗ ಅದನೋ ಮೊದಲು ಅವ್ರನ್ನೇ ಹಿಡಿತಾರ. ಇದು ಮುಗಿಯೋ ತನಾ ನಿನ್ನ ಕಾಗದ ಕೊಡಾಕ ಬರಂಗಿಲ್ಲ ಅಂದ. ಹಾಸ್ಟೆಲಿನವ್ರು ನನಗ ಒಂದು ತಿಂಗಳು ವಾಯಿದೆ ಕೊಟ್ಟಿದ್ರು.

ಸೀದಾ ದುಕಾನಕ್ಕ ಹೋದೆ. ಠಾಣೆಗೆ ಬಂದು ಕನೆಕ್ಷನ್ ನಾ ನಡಸ್ತೀನಿ ಅಂತ ಒಂದು ಮಾತು ಹೇಳ್ರಿ ಅಣ್ಣಾ ಅಂದೆ. ಅವ ಸ್ಕ್ಯಾನ್ ಮಾಡೋದು ನಿಲ್ಲಿಸಲಿಲ್ಲ.

‘ನಿನ್ನ ಹೆಸರಿನ್ಯಾಗ ಅದ, ನೀನೇ ಹೇಳ್ಕೊ. ನಂಗ್ಯಾಕ ಎಳಿತಿ?’

‘ನನ್ನ ಕೆಲಸ ಹೋಗ್ತದರಿ.’

‘ಏ ಮಾಸ್ತರ್, ನಲವತ್ತು ವರ್ಷ ಕೆಲಸ ಇಲ್ದೇ ಇದ್ದಿ. ಸತ್ತಿ ಏನು?’

ಹತ್ತನೇತ್ತಕ್ಕ ಹೆಸರು ಹಚ್ಚಿದ ದಿನದಿಂದ ಅವ ನನಗ ಮಾಸ್ತರ್ ಅಂತಾನ. ದುಕಾನಕ್ಕ ಬಂದ ಗಿರಾಕಿ ಮುಂದನೂ ಅಂತಾನ, ಅವ್ರೂ ನಗ್ತಾರ. ಆ ದಿನ ಭೀ ಇಬ್ರು ನಕ್ರು. ನಾ ಹೊರಗ ಬಂದೆ. ಒಳಗ ಮಾತ್ರ ಏನೋ ಗಟ್ಟಿ ಆತು.

ಅವನ ದುಕಾನದಾಗ ಎರಡು ಕಂಪ್ಯೂಟರ್. ಒಂದರ ಮ್ಯಾಲ ನಾ ಮಧ್ಯಾಹ್ನ ತೆಲುಗು ಟೈಪಿಂಗ್ ಕಲಿತಿದ್ದೆ, ಹಾಸ್ಟೆಲಿನ್ಯಾಗ ಅದು ಬರಬೇಕು ಅಂದಿದ್ರು. ಮರುದಿನ ಏನೂ ಆಗಿಲ್ಲ ಅನ್ನೋಹಂಗ ಹೋಗಿ ಕುಂತೆ. ಹೆದರಿ ಸುಮ್ಮಾಗ್ಯಾನ ಅಂತ ಅವ ತಿಳಕೊಂಡ. ನಾ ಆ ಪ್ರೋಗ್ರಾಂ ಹುಡುಕಿ ತೆರದೆ. ಯಾವ ಫೋಲ್ಡರ್ ಮಂದಿಗೆ ಖುಲ್ಲಾ ಇಡಬೇಕು ಅಂತ ಅದು ಕೇಳಿದ್ದಕ್ಕ ಅವ ಒಂದೊಂದು ಆರಿಸೋದು ಯಾಕಂತ ಡಿ ಡ್ರೈವ್ ಪೂರಾ ಕೊಟ್ಟಿದ್ದ. ಹಾಡು ಸಿನಿಮಾ ಅದರಾಗೇ, ಗಿರಾಕಿಗಳ ಆಧಾರ್, ಹೊಲದ ಪಾಸ್‌ಬುಕ್, ಹೆಣ್ಮಕ್ಕಳ ಫೋಟೋ ಅದರಾಗೇ. ಎಲ್ಲಿಯವನೋ ಆ ಹೊತ್ತಿಗೇ ಏನೋ ಎಳ್ಕೊಳ್ಳಾಕತ್ತಿದ್ದ. ಫೈಲಿನ ಹೆಸರು ನೋಡಿದೆ. ನಮ್ಮ ಊರಿನ ಕುರಿ ಕಾಯೋ ಮುದುಕನ ಆಧಾರ್. ಅವನ ಕಾರ್ಡಿನ ಮ್ಯಾಲ ಅವ ಕಾಣದ ಊರಿನ್ಯಾಗ ಯಾರೋ ಸಿಮ್ ತಗೊಂಡಾರ ಅಂತ ಅವ ವಾರದ ಹಿಂದ ನನ್ನ ಮುಂದ ಅತ್ತಿದ್ದ. ಯಾರು ಕದ್ರು ಅಂತ ಅವ ಊರೆಲ್ಲಾ ಕೇಳ್ಕೊಂತ ಹೋಗಿದ್ದ.

ಜನರ ಸಲುವಾಗಿ ಮುಂದಿಂದು ಮಾಡ್ದೆ ಅಂದ್ರ ಸುಳ್ಳಾಗ್ತದ. ನನ್ನ ಸಲುವಾಗಿ ಮಾಡ್ದೆ. ಅವ ನಕ್ಕಿದ್ದಕ್ಕ ಮಾಡ್ದೆ.

ಅವನ ದುಕಾನದಾಗೇ, ಅವನ ಕೀಬೋರ್ಡ್ ಮ್ಯಾಲೇ, ಅವನ ಮ್ಯಾಲಿನ ಕಂಪ್ಲೇಂಟ್ ಟೈಪ್ ಮಾಡಾಕ ಶುರು ಮಾಡ್ದೆ. ನನ್ನ ಬೆರಳು ಮೆಲ್ಲಗ. ನಾಕು ಮಧ್ಯಾಹ್ನ ಹಿಡೀತು. ಅವನಿಗೆ ಕನ್ನಡ ಓದಾಕ ಬರ್ತದ, ತೆಲುಗು ಒಂದೊಂದೇ ಅಕ್ಷರ ಕೂಡಿಸಬೇಕು, ಅಷ್ಟು ತಾಳ್ಮಿ ಅವನಿಗಿಲ್ಲ. ಆದ್ರೂ ತನ್ನ ಹೆಸರು ಗುರ್ತು ಹಿಡದಾನು ಅಂತ ಹೆಸರಿನ ಜಾಗ ಖಾಲಿ ಬಿಟ್ಟೆ. ಎರಡನೇ ದಿನ ನನ್ನ ಹಿಂದ ಬಂದು ನಿಂತ.

‘ಏನು ಬರಿಯಾಕತ್ತಿ ಮಾಸ್ತರ್?’

‘ಒಂದು ಅರ್ಜಿರಿ. ಪ್ರಾಕ್ಟೀಸ್.’

‘ಇಷ್ಟ ಮೆಲ್ಲಗ ಬರದ್ರ ಸಾಹೇಬ ರಿಟೈರ್ ಆಗ್ತಾನ.’

ನಾ ನಕ್ಕೆ. ಅಂಥಾ ಹಗುರಾದ ನಗಿ ನನಗ ಹಿಂದ ಎಂದೂ ಬಂದಿದ್ದಿಲ್ಲ. ನಾಕನೇ ದಿನ ಪ್ರಿಂಟ್ ಅವನೇ ತಗದು ಕೊಟ್ಟ, ತಪ್ಪಿದ್ರ ಮತ್ತ ತಗಿತೀನಿ ಅಂದ. ತಪ್ಪಿಲ್ಲರಿ ಅಂದೆ. ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತು ಅವನ ಹೆಸರು, ಅವನಪ್ಪನ ಹೆಸರು, ಊರು ಪೆನ್ನಿಲೆ ತುಂಬಿ ಠಾಣೆಗೆ ಕೊಟ್ಟೆ.

ಮರುದಿನ ಪೊಲೀಸರು ದುಕಾನಕ್ಕ ಬಂದಾಗ ನಂಗೂ ಕರಕೊಂಡು ಹೋದ್ರು. ಯಾವ ಗುಂಡಿ ಒತ್ತಿದ್ರ ಏನು ತೆರಿತದ ಅಂತ ನಾನೇ ತೋರ್ಸಿದೆ, ಅವನ ಮುಂದೇ. ಖುಲ್ಲಾ ಬಿಟ್ಟಿದ್ದು ಬಂದ್ ಮಾಡಿಸಿದ್ರು, ಎರಡೂ ಕಂಪ್ಯೂಟರ್ ಜೀಪಿನ್ಯಾಗ ಇಟ್ರು. ಅವನ ಮಾರಿ ಬಿಳಚಿತ್ತು. ನಾ ಪೂರಾ ನೋಡಿದೆ, ಕಣ್ಣು ತಗೀಲಿಲ್ಲ. ಕೇಸ್ ಅವನ ಹೆಸರಿನ್ಯಾಗ ಆತು, ನಾ ಸಾಕ್ಷಿ ಆದೆ. ವಾಯಿದೆ ಮುಗಿಯಾಕ ಎರಡು ದಿನ ಇದ್ದಾಗ ನನ್ನ ಕಾಗದ ಕೈಗೆ ಬಂತು.

ಈಗ ಹಾಸ್ಟೆಲಿನ್ಯಾಗ ಅದೀನಿ. ನನ್ನ ಹೆಂಡ್ತಿ ಜೋಡಿ ಅವಳಕ್ಕ ಮಾತಾಡಂಗಿಲ್ಲ. ಆ ಸಂಕಟ ನನ್ನ ಹೆಂಡ್ತಿ ಮಾರಿ ಮ್ಯಾಲ ದಿನಾ ಕಾಣ್ತದ. ಅದೊಂದೇ ನನಗ ಹತ್ತೋದು.

ಹೋದ ತಿಂಗಳು ಷಡ್ಡಕ ನಾರಾಯಣಖೇಡಕ್ಕ ಬಂದಿದ್ದ. ಹಾಸ್ಟೆಲ್ ಗೇಟಿನ ಹೊರಗ ಬಿಸಲಾಗ ನಿಂತಿದ್ದ. ವಕೀಲ ಹೇಳಿ ಕಳಿಸ್ಯಾನಂತ, ದುಕಾನ ಇಬ್ರೂ ಕೂಡಿ ನಡಸ್ತಿದ್ವಿ, ಸಿನಿಮಾ ಯಾರು ಇಳಿಸಿದ್ರೋ ಗೊತ್ತಿಲ್ಲ ಅಂತ ನಾ ಸಾಕ್ಷಿ ಬದಲಿ ಮಾಡಬೇಕು, ಆಗ ಕೇಸ್ ಸಡಿಲ ಆಗ್ತದ. ಮನಿ ಮಂದಿ ಅಲ್ಲೇನ್ರಿ ನಾವು ಅಂದ. ನನಗ ಅವ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

ನೀರು ತರಿಸಿ ಕೊಟ್ಟೆ. ಅವ ಕುಡಿಯೋ ತನಾ ಕಾದೆ. ಆಮ್ಯಾಲ ಅಂದೆ:

‘ಆ ಕೇಸಿನ ಫೈಲಿನ್ಯಾಗ ಒಬ್ಬಂದು ಹೆಸರು ಇರಲೇಬೇಕು, ಅಣ್ಣಾ. ನಂದು ತಗಿಸಾಕ ನಾ ನಾಕು ದಿನ ಬರದೀನಿ. ನಿಂದು ನೀ ತಗಿಸ್ಕೊ.’

ಗೇಟ್ ಹಾಕೋದು ನನ್ನ ಕೆಲಸ. ಹಾಕಿದೆ.