ನಾನು ಬರೆದ ಸ್ಕಾಟ್ಲೆಂಡಿನ ಗುಡ್ಡ

ಸ್ಕಾಟ್ಲೆಂಡಿಗೆ ನಾನು ಹೋಗಿಲ್ಲ. ಹೋಗುವ ಅಂದಾಜೂ ಇಲ್ಲ. ಆದರೂ ಅಲ್ಲಿನ ಒಂದು ಗುಡ್ಡ, ಅದರ ಕೆಳಗಿನ ಹೊಲಗಳು, ಹೊಲಗಳ ನಡುವಿನ ಕಲ್ಲಿನ ಗೋಡೆಗಳು ನನಗೆ ಬೇಕಾಗಿದ್ದವು. ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿ ಹೇಳಿ ಸಾಕಾಗಿ, ಕೊನೆಗೆ “ನನಗಿಷ್ಟ” ಎಂದಷ್ಟೇ ಹೇಳಿ ಸುಮ್ಮನಾಗುವುದನ್ನು ಕಲಿತೆ.

ಆ ಗುಡ್ಡವನ್ನು ಕಂಡದ್ದು ನಾನಿರುವ ಊರು ಕ್ರೈಸ್ಟ್‌ಚರ್ಚಿನ ಒಂದು ಗ್ಯಾಲರಿಯಲ್ಲಿ. ವೃದ್ಧಾಶ್ರಮದಲ್ಲಿ ನರ್ಸ್ ಆಗಿರುವ ನನಗೆ ಅಂದು ರಜೆ. ರಿಕ್ಕರ್ಟನ್ ಮಾಲಿನಲ್ಲಿ ಸುತ್ತಿ ಸುತ್ತಿ ಬೇಸರ ಬಂದು ಬಸ್ಸು ಹತ್ತಿದ್ದೆ. ಹೊರಗೆ ಕೊರೆಯುವ ಚಳಿ, ಗ್ಯಾಲರಿಯ ಒಳಗೆ ಪುಕ್ಕಟೆ ಬಿಸಿ. ನಾನು ಒಳಹೊಕ್ಕದ್ದಕ್ಕೆ ಕಲಾಪ್ರೇಮಕ್ಕಿಂತ ಅದೇ ದೊಡ್ಡ ಕಾರಣ.

ಅಲ್ಲಿ ಕಳೆದ ಶತಮಾನದ ಸ್ಕಾಟಿಷ್ ನವ್ಯ ಕಲಾವಿದನೊಬ್ಬನ ಚಿತ್ರವಿತ್ತು. ಹೊಲ ಇಟ್ಟಿಗೆಗೆಂಪು, ನಡುವಿನ ಕಲ್ಲಿನ ಗೋಡೆಗಳು ಕಪ್ಪು. ಗುಡ್ಡ ಕಡುನೀಲಿ. ಮನೆಗೆ ಕಿಟಕಿಯೇ ಇಲ್ಲ. ಆಕಾಶವನ್ನು ಕುಂಚ ಬಿಟ್ಟು ಚಾಕುವಿನಿಂದ ಮೆತ್ತಿದ್ದ. ಈ ದೇಶಕ್ಕೆ ಬಂದಾಗಿನಿಂದ ನಾನು ನೋಡಿದ ಹಳ್ಳಿಗಾಡೆಲ್ಲ ಕ್ಯಾಲೆಂಡರಿನ ಹಾಗೆ: ಹಸಿರು ಹುಲ್ಲು, ಬಿಳಿ ಕುರಿ, ಹಿಂದೆ ಹಿಮದ ಬೆಟ್ಟ. ಎಷ್ಟು ಚೆಂದ, ನೀವು ಪುಣ್ಯವಂತರು ಎಂದು ಎಲ್ಲರೂ ಹೇಳುವಾಗ ಹೌದು ಹೌದೆಂದು ತಲೆಯಾಡಿಸಿ ನನ್ನ ಕುತ್ತಿಗೆ ನೋಯುತ್ತಿತ್ತು. ಈ ಮಹಾರಾಯ ಮಾತ್ರ ತನ್ನ ಸ್ವಂತ ಊರಿನ ಹೊಲವನ್ನೇ ಸಿಟ್ಟಿನಿಂದ ಬರೆದಿದ್ದ. ಯಾರಿಗೂ ಚೆಂದ ಕಾಣಿಸಬೇಕೆಂಬ ಹಂಗು ಅವನಿಗಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಹಾಗೆ ಬರೆಯುವುದನ್ನು ಕಲಿಯಲೇಬೇಕು ಅನ್ನಿಸಿತು.

ಮನೆಯ ಹತ್ತಿರದ ಹಾಲ್‌ನಲ್ಲಿ ನಡೆಯುವ ಶನಿವಾರದ ಚಿತ್ರಕಲೆ ಕ್ಲಾಸಿಗೆ ಸೇರಿದೆ. ಟೀಚರ್ ಅರವತ್ತು ದಾಟಿದ, ಈ ದೇಶದವರೇ ಆದ ಹೆಂಗಸು, ತುಂಬಾ ಒಳ್ಳೆಯವರು. ಆ ಒಳ್ಳೆಯತನವೇ ಮುಂದೆ ನನ್ನ ತಲೆನೋವಾಯಿತು. ಇಷ್ಟವಾದ ಒಂದು ಚಿತ್ರವನ್ನು ನೋಡಿ ನಕಲು ಮಾಡಿ, ಕೊನೆಗೆ ಪ್ರದರ್ಶನ ಇಡೋಣ ಎಂದರು. ನಾನು ಗ್ಯಾಲರಿಯಲ್ಲಿ ಕೊಂಡಿದ್ದ ನನ್ನ ಗುಡ್ಡದ ಪ್ರಿಂಟ್ ತೆಗೆದಿಟ್ಟೆ.

“ನಿಮ್ಮೂರಿನದು ಏನಾದರೂ ಮಾಡಬಹುದಲ್ಲ? ಆನೆ, ದೇವಸ್ಥಾನ, ಆ ಬಣ್ಣಗಳು!” ಎಂದರು.

ನನ್ನ ಪಕ್ಕದಲ್ಲಿ ಒಬ್ಬ ಮುದುಕ ರೈತರು ಕೂತಿದ್ದರು. ಇಲ್ಲಿ ಯೂಟ್ ಎನ್ನುವ ಪಿಕಪ್ ಗಾಡಿಯ ಹಿಂದೆ ನಾಯಿ ಕೂರಿಸಿಕೊಂಡು ಬರುವವರು. ಅವರು ಬರೆಯುತ್ತಿದ್ದದ್ದು ತಾಜ್‌ಮಹಲ್. ಆಗ್ರಾ ಇರಲಿ, ಅವರು ಆಸ್ಟ್ರೇಲಿಯಾ ದಾಟಿದವರಲ್ಲ. ನಿಮ್ಮ ಕುರಿಗಳನ್ನು ಬರೆಯಬಾರದೇ ಎಂದು ಅವರನ್ನು ಯಾರೂ ಕೇಳಲಿಲ್ಲ. ಬದಲಿಗೆ ಟೀಚರ್ ಅವರ ಪೆನ್ಸಿಲ್ ಕಿತ್ತುಕೊಂಡು, ಗುಮ್ಮಟ ಸೊಟ್ಟಗಿದೆ ಎಂದು ಮೂರು ಸಲ ಅಳಿಸಿ ತಿದ್ದಿದರು.

ನಕಲು ಮಾಡಲು ಮೊದಲು ಚೌಕಗಳನ್ನು ಹಾಕಿಕೊಳ್ಳಬೇಕೆಂದು ಹೇಳಿಕೊಟ್ಟಿದ್ದರು. ನನ್ನ ಕೈ ಕೇಳಲಿಲ್ಲ, ಚುಕ್ಕಿ ಇಟ್ಟಿತು. ಮದುವೆಯಾಗುವವರೆಗೂ ಮೈಸೂರಿನ ಮನೆಬಾಗಿಲಿಗೆ ದಿನಾ ಬೆಳಿಗ್ಗೆ ರಂಗೋಲಿ ಹಾಕಿದ ಕೈ ಅದು. ಚುಕ್ಕಿಯಿಂದ ಚುಕ್ಕಿಗೆ ಅಳತೆ ಹಿಡಿದು ಕಲ್ಲಿನ ಗೋಡೆಗಳನ್ನು ಎಳೆದೆ, ಬಣ್ಣ ತುಂಬಿದೆ. ನಾಲ್ಕನೆಯ ಶನಿವಾರ ದೂರ ನಿಂತು ನೋಡಿದಾಗ ತಪ್ಪು ಕಂಡಿತು. ಮೂಲ ಚಿತ್ರದಲ್ಲಿ ಆ ಕಪ್ಪು ಗೋಡೆಗಳು ಅರ್ಧಕ್ಕೇ ಕುಸಿದಿವೆ, ಸಂದಿಯಿಂದ ಗಾಳಿ ನುಗ್ಗುತ್ತದೆ. ನನ್ನದರಲ್ಲಿ ಒಂದು ಗೋಡೆಯೂ ಬಿದ್ದಿರಲಿಲ್ಲ. “ಗೆರೆ ಕೂಡಿಸ್ದೆ ಮೇಲೇಳ್ಬೇಡ ಕಣೇ” ಎನ್ನುತ್ತಿದ್ದಳು ಅಮ್ಮ. ಅವಳ ಮಾತು ಪಾಲಿಸಿ ಒಂದೂ ಬಿಡದೆ ಎಲ್ಲ ಗೆರೆಗಳನ್ನೂ ಸೇರಿಸಿಬಿಟ್ಟಿದ್ದೆ. ಬಿರುಗಾಳಿಯ ಗುಡ್ಡ ಹೋಗಿ ಹಬ್ಬದ ಅಂಗಳವಾಗಿತ್ತು.

ಟೀಚರ್ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಓಹ್, ಎಷ್ಟು ಇಂಡಿಯನ್! ಇನ್ನು ಏನೂ ಮುಟ್ಟಬೇಡಿ.” ಪ್ರದರ್ಶನದ ದಿನ ಉಳಿದವರ ಚಿತ್ರಗಳೆಲ್ಲ ದೊಡ್ಡ ಗೋಡೆಗೆ, ನನ್ನದು ಮಾತ್ರ ಬಾಗಿಲ ಬಳಿ ‘ನಮ್ಮ ಸಂಸ್ಕೃತಿಗಳು’ ಎಂಬ ಮೇಜಿನ ಮೇಲೆ ಎಂದರು. ಪಕ್ಕದಲ್ಲಿ ಒಂದು ತಟ್ಟೆ ಸಮೋಸ ಇಟ್ಟರೆ ಇನ್ನೂ ಚೆನ್ನ ಎಂದೂ ಸೇರಿಸಿದರು.

ಹದಿನೈದು ವರ್ಷದಿಂದ ಇಲ್ಲಿ ನನ್ನನ್ನು ಹೊಗಳುತ್ತಲೇ ಇದ್ದಾರೆ. ನನ್ನ ಇಂಗ್ಲಿಷು, ನನ್ನ ಸೀರೆ, ನನ್ನ ಚಿತ್ರಾನ್ನ. ಬಾಗಿಲಲ್ಲೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸಿದ ಹಾಗಿರುತ್ತದೆ ಆ ಹೊಗಳಿಕೆ. ಅಂದು ಮನೆಗೆ ಬಂದಾಗ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಫೋನಿನಿಂದ ಕಣ್ಣೆತ್ತಲಿಲ್ಲ. “ಹೋಗ್ಲಿ ಬಿಡೇ, ಗೋಡೆ ಆದ್ರೇನು ಟೇಬಲ್ ಆದ್ರೇನು. ಹೊಗಳ್ತಾ ಇದಾರಲ್ಲ.”

ಇಲ್ಲೇ ಹುಟ್ಟಿ ಬೆಳೆದ ಮಗಳು ಮಾತ್ರ ಕೇಳಿದಳು, “ಅಮ್ಮಾ, ಡು ಯೂ ಲೈಕ್ ಇಟ್?”

“ಇಲ್ಲ ಕಣೇ. ತಪ್ಪಾಗಿದೆ.”

“ದೆನ್ ಫಿಕ್ಸ್ ಇಟ್.”

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಗೋಡೆ ಕೆಡವಲು ಕೂತೆ. ಕಪ್ಪು ಗೆರೆಯ ಮೇಲೆ ಇಟ್ಟಿಗೆಗೆಂಪು ಬಳಿಯುವಾಗ ಮೊದಮೊದಲು ಕೈ ಹಿಂಜರಿಯಿತು. ಅಮ್ಮ ಬದುಕಿದ್ದರೆ ಬೈಯುತ್ತಿದ್ದಳು. ಬೈಯಲಿ ಎಂದುಕೊಂಡು ಒಂದಾದ ಮೇಲೊಂದು ಬೀಳಿಸಿದೆ. ಅಷ್ಟರಲ್ಲಿ ಟೀಚರ್ ಓಡಿಬಂದರು.

“ಅಯ್ಯೋ, ಯಾಕೆ ಹಾಳು ಮಾಡುತ್ತಿದ್ದೀರಿ? ಅದೇ ಅಲ್ಲವೇ ಅದರ ಚೆಲುವು?”

“ಅದು ಚೆಲುವಲ್ಲ, ನನ್ನ ತಪ್ಪು” ಎಂದೆ. “ನಾನು ಈ ಚಿತ್ರವನ್ನು ನೋಡಿ ಬರೆಯಲು ಬಂದವಳು, ಸರಿಯಾಗಿ ನೋಡಲಿಲ್ಲ. ಇಲ್ಲಿ ಎಲ್ಲರ ತಪ್ಪನ್ನೂ ನೀವು ತಿದ್ದಿದ್ದೀರಿ. ನನ್ನ ತಪ್ಪನ್ನು ಮಾತ್ರ ಹೊಗಳಿದಿರಿ. ನಾನೂ ಅವರಷ್ಟೇ ಫೀಸು ಕಟ್ಟಿದ್ದೇನೆ. ನನ್ನದನ್ನೂ ತಿದ್ದಿ.”

ಟೀಚರ್ ಮುಖ ಕೆಂಪಾಯಿತು. ಕ್ಲಾಸ್ ಬಿಟ್ಟು ಹೋಗಿ ಎನ್ನುತ್ತಾರೇನೋ ಎಂದು ಕಾದೆ. ಅವರು ಸ್ಟೂಲ್ ಎಳೆದುಕೊಂಡು ಕೂತರು, ಕನ್ನಡಕ ಹಾಕಿಕೊಂಡರು, ಒಮ್ಮೆ ಪ್ರಿಂಟನ್ನು, ಒಮ್ಮೆ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಅವರು ನನ್ನ ಕೆಲಸವನ್ನು ನೋಡಿದ್ದು ಅದೇ ಮೊದಲು.

“ಗುಡ್ಡ ತೇಲುತ್ತಿದೆ, ಬುಡದಲ್ಲಿ ಭಾರವೇ ಇಲ್ಲ” ಎಂದರು. “ಆಕಾಶವನ್ನು ಹೆದರಿ ಹೆದರಿ ಬಳಿದಿದ್ದೀರಿ. ಕುಂಚ ಕೆಳಗಿಡಿ. ಅವನ ಹಾಗೆ ಚಾಕು ಹಿಡಿಯಿರಿ. ಮೇಲಿನ ಅರ್ಧ ಪೂರ್ತಿ ಮತ್ತೆ ಮಾಡಬೇಕು.”

ನನಗೆ ಕುಣಿಯುವಷ್ಟು ಖುಷಿಯಾಯಿತು. “ಮಾಡಿದರೆ ದೊಡ್ಡ ಗೋಡೆಗೆ ಹಾಕ್ತೀರಾ?” ಎಂದು ಕೇಳಿದೆ.

“ಆ ಗುಡ್ಡ ನೆಲದ ಮೇಲೆ ಕೂತರೆ ಮಾತ್ರ.”

ಪ್ರದರ್ಶನಕ್ಕೆ ಎರಡು ವಾರ ಬಾಕಿ ಇತ್ತು. ಕೂರಿಸಿಯೇ ಬಿಟ್ಟೆ.