ನೀರಿನ ಪಂಪಿನ ಕೆಳಗಿನ ಬೋಲ್ಟು

ನಮ್ಮ ಟ್ರ್ಯಾಕ್ಟರಿಗೆ ಸೋಮವಾರ ರಜೆ. ಇದನ್ನು ಹೇಳಿದರೆ ಜತ್ತದ ಗ್ಯಾರೇಜಿನವರು ನಗುತ್ತಾರೆ, ನಗಲಿ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬುದು ನಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದದ್ದು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ದಿನ ಅಪ್ಪ ಒಂದೇ ಮಾತು ಹೇಳಿದ: "ಎತ್ತಿನ ಕೆಲಸ ಮಾಡೂದು ಅಂದಮ್ಯಾಲ ಎತ್ತಿನ ಸೂಟಿನೂ ಇದಕ್ಕ ಸಿಗಬೇಕು." ಅಂದಿನಿಂದ ಭಾನುವಾರ ಸಂಜೆ ಕೀಲಿಕೈ ದೇವರ ಜಗಲಿಯ ಮೇಲೆ ಹೋಗಿ ಕೂತರೆ ಮಂಗಳವಾರ ಬೆಳಗ್ಗೆಯೇ ಇಳಿಯುವುದು. ತೊಳೆಯುವುದು, ಗ್ರೀಸು ಹಚ್ಚುವುದು, ಸಣ್ಣಪುಟ್ಟ ರಿಪೇರಿ, ಎಲ್ಲವೂ ಸೋಮವಾರವೇ.

ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಬೇರೆಯಾದೆವು. ಜಗಳವಾಡಿ ಅಲ್ಲ. ಮಕ್ಕಳು ಬೆಳೆದರು, ಒಲೆ ಎರಡಾದವು, ಅಷ್ಟೆ. ಸಾತಬಾರಾ ಉತಾರೆ ಎಂಬ ಪಹಣಿ ಪತ್ರದಲ್ಲಿ ಹೊಲ ಇಬ್ಬರ ಹೆಸರಿಗೂ ಬೇರೆ ಬೇರೆಯಾಗಿ ಬಂತು. ಅಂಗಳದ ನಡುವೆ ಗೋಡೆ ಹಾಕಿಸಿಕೊಳ್ಳಿ ಎಂದು ಹಿರಿಯರು ಹೇಳಿದರು. ಆದರೆ ಗೋಡೆ ಬರಬೇಕಾದ ಜಾಗದಲ್ಲಿಯೇ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಅದನ್ನೊಂದು ಪಾಲು ಮಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ, ಹೀಗಾಗಿ ಗೋಡೆಯೂ ಏಳಲಿಲ್ಲ. ಅಣ್ಣನ ಹೆಂಡತಿ ವೈನಿಯ ಚಹಾ ಅದನ್ನು ಸುತ್ತು ಹಾಕಿಕೊಂಡು ಈ ಕಡೆ ಬರುತ್ತದೆ, ನನ್ನ ಹೆಂಡತಿಯ ಶೇಂಗಾ ಚಟ್ನಿ ಆ ಕಡೆ ಹೋಗುತ್ತದೆ.

ಟ್ರ್ಯಾಕ್ಟರಿನ ಕೆಲಸವನ್ನು ಮಾತ್ರ ಹಂಚಿಕೊಂಡಿದ್ದೆವು. ಪಾನಾ ಹಿಡಿದು ನಟ್ಟು ಬೋಲ್ಟು ತಿರುಗಿಸುವವನು ಅಣ್ಣ, ಓಡಿಸುವವನು ನಾನು. ಅಮಾವಾಸ್ಯೆಯ ಪೂಜೆಯೂ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತೆನ್ನಿ. ಬೇರೆಯವರು ಗಾಲಿಯ ಮುಂದೆ ಕಾಯಿ ಒಡೆದು ಕೈ ತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಬಾನೆಟ್ ಎತ್ತಿ, ಎಂಜಿನ್ ಬ್ಲಾಕಿನ ಮುಂಭಾಗಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ತೆಂಗಿನಕಾಯಿಯನ್ನು ಒಂದೇ ಏಟಿಗೆ ಒಡೆದು, ಎರಡೂ ಹೋಳಿನ ನೀರನ್ನು ಅದರ ಮೇಲೆಯೇ ಸುರಿಯುತ್ತಿದ್ದೆ. ಎಂಜಿನ್ನಿಗೆ ಅಭಿಷೇಕವಾಗಬೇಕು ಎಂಬುದು ನನ್ನ ಹಟ.

ಹೋದ ಹಿಂಗಾರಿನಲ್ಲಿ ಬಿಳಿಜೋಳದ ಬಿತ್ತನೆಗೆ ಹೊಲ ಚೆನ್ನಾಗಿ ಹದವಾಗಿತ್ತು. ಅಷ್ಟರಲ್ಲಿ ಎಂಜಿನ್ ವಿಪರೀತ ಕಾಯತೊಡಗಿತು. ನೋಡಿದರೆ ಅದನ್ನು ತಂಪಾಗಿಡುವ ನೀರಿನ ಪಂಪು ಸೋರುತ್ತಿದೆ. ಸೋಮವಾರ ಹೊಸ ಪಂಪು ತಂದು ಹಳೆಯದನ್ನು ಬಿಚ್ಚಲು ಕೂತೆವು. ಅದನ್ನು ಬ್ಲಾಕಿಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಬಂದವು. ಕೆಳಗಿನದು ಮಿಸುಕಲಿಲ್ಲ.

"ಡೀಸೆಲ್ ಹಾಕಿ ನಾಳಿ ಮುಂಜಾನೆತನಕ ಬಿಡೂಣು," ಎಂದ ಅಣ್ಣ.

ನನಗೆಲ್ಲಿಯ ತಾಳ್ಮೆ? "ಹೊಲದಾಗ ಹಸಿ ಆರಾಕತ್ತೈತಿ, ನೀ ಡೀಸೆಲ್ ಹಚ್ಚಿ ಕುಂದ್ರತಿ! ಜಗ್ಗು ಅಣ್ಣಾ, ಬರತೈತಿ!"

ಅವನು ಜಗ್ಗಿದ. ಟಕ್ ಎಂದಿತು. ಬೋಲ್ಟಿನ ತಲೆ ಪಾನಾದ ಬಾಯಲ್ಲಿ ಬಂತು, ಮೈ ಬ್ಲಾಕಿನೊಳಗೇ ಉಳಿಯಿತು. ಚಿಮಟದಿಂದ ಹಿಡಿಯೋಣವೆಂದರೆ ಹೊರಗೆ ಒಂದು ಎಳ್ಳಿನಷ್ಟೂ ಚಾಚಿರಲಿಲ್ಲ.

ಜಗ್ಗು ಎಂದವನು ನಾನೇ. ಆದರೂ ಬಾಯಿ ಬಿಟ್ಟವನೂ ನಾನೇ. "ನಿನ್ನ ಕೈಯಾಗ ಕೊಟ್ಟದ್ದು ಯಾವುದರ ಉಳದೈತೇನು? ಸಾಕಿನ್ನ. ಇದನ್ನ ಮಾರಿಬಿಡೂಣು. ನಿಂದು ನೀ ತಗೋ, ನಂದು ನಾ ತಗೋತೀನಿ. ನಡುವ ಗ್ವಾಡಿನೂ ಹಾಕಿಸಿಬಿಡೂಣು!"

ವೈನಿ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕಪ್ಪುಗಳನ್ನು ಹಾಗೆಯೇ ಒಳಗೆ ಒಯ್ದರು. ಅಣ್ಣ ಮುರಿದ ತಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಪಾನಾಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಇಟ್ಟು ಎದ್ದು ಹೋದ.

ಮರುದಿನ ಚಹಾ ಈ ಕಡೆ ಬರಲಿಲ್ಲ. ಮಾರುವ ಮಾತು ಬಾಯಿಂದ ಜಾರಿದ್ದಷ್ಟೇ, ಮನಸ್ಸಿನಿಂದ ಬಂದದ್ದಲ್ಲ ಎಂದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಅಣ್ಣ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು, ಅವನ ಡಬ್ಬಿಯಿಂದಲೇ ಉಳಿಯಂಥ ಪಂಚು, ಸುತ್ತಿಗೆ ತೆಗೆದು, ನಾನೇ ಆ ಬೋಲ್ಟನ್ನು ತೆಗೆದು ತೋರಿಸುತ್ತೇನೆಂದು ಹೊರಟೆ. ನಾಲ್ಕು ಏಟು ಹಾಕಿದೆ. ಪಂಚು ಜಾರಿ ಬ್ಲಾಕಿನ ಅಂಚಿಗೇ ತಗ್ಗು ಬಿತ್ತು. ಎಲ್ಲವನ್ನೂ ಇದ್ದಲ್ಲೇ ಇಟ್ಟು, ಏನೂ ಅರಿಯದವನಂತೆ ಕಟ್ಟೆಯ ಮೇಲೆ ಕೂತೆ.

ಬುಧವಾರ ಅಣ್ಣ ಹೇಳಿಕಳಿಸಿದ್ದ ಟ್ರ್ಯಾಕ್ಟರ್ ಮಿಸ್ತ್ರಿ ಉಮದಿಯಿಂದ ಬಂದರು. ವಯಸ್ಸಾದ ಮನುಷ್ಯ, ಅವಸರ ಎಂಬುದು ಅವರ ಹತ್ತಿರ ಸುಳಿಯುವುದಿಲ್ಲ. ರೇಡಿಯೇಟರ್ ಬಿಚ್ಚಿಸಿ, ಬ್ಯಾಟರಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಇಲ್ಲಿ ಪಂಚ್ ಹೊಡದವರು ಯಾರ್ರಿ?"

ಅಣ್ಣ ನನ್ನ ಕಡೆ ನೋಡಲೂ ಇಲ್ಲ. "ನಾನ ರೀ," ಎಂದ.

"ಇನ್ನ ನಾಕ ಏಟ ಹಾಕಿದ್ರ ಈ ಬ್ಲಾಕ್ ರಿಪೇರಿಗೆ ಸಾಂಗ್ಲಿಗೆ ಹೋಗತಿತ್ತು ನೋಡ್ರಿ, ತಿರುಗಿ ಬರೂದು ಗ್ಯಾರಂಟಿ ಇರಲಿಲ್ಲ. ಇಷ್ಟ ವಯಸ್ಸಾಗೈತಿ, ಸ್ವಲ್ಪರ ತಡಕೋಬಾರದ?"

"ತಪ್ಪಾತ್ರಿ," ಎಂದ ಅಣ್ಣ. ನಾನು ನೆಲ ನೋಡುತ್ತ ನಿಂತೆ. ಆ ಎರಡು ನಿಮಿಷ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಡ್ರಿಲ್ ಹಚ್ಚಿದರೆ, ಒಂದು ಕಡೆ ತಗ್ಗು ಬಿದ್ದಿರುವುದರಿಂದ, ಅದರ ಮೊನೆ ಜಾರಿ ಬ್ಲಾಕಿನ ತೂತಿನೊಳಗಿನ ಸುರುಳಿ ಆಟೆಯನ್ನೇ ತಿನ್ನುತ್ತದೆ ಎಂದರು ಮಿಸ್ತ್ರಿ. ಉಳಿದದ್ದು ಒಂದೇ ದಾರಿ. ಮುರಿದ ಬೋಲ್ಟಿನ ಮೇಲೆ ಒಂದು ನಟ್ಟು ಕೂರಿಸಿ, ಅದರ ತೂತಿನೊಳಗಿಂದ ವೆಲ್ಡಿಂಗ್ ಮಾಡಿ ಎರಡನ್ನೂ ಒಂದು ಮಾಡಬೇಕು. ಆಮೇಲೆ ಪಾನಾ ಹಾಕಿ ನಟ್ಟು ತಿರುಗಿಸಿದರೆ ಬೋಲ್ಟೂ ಅದರ ಜೊತೆ ಬರಬೇಕು. ಬಂದರೆ ಬಂತು.

"ನೀವಿಬ್ರೂ ಬರ್ರಿ. ಒಬ್ರು ಚಿಮಟದಾಗ ನಟ್ ಹಿಡೀರಿ. ಇನ್ನೊಬ್ರು ಮೇಣಬತ್ತಿ."

ಹೀಗೆ ಎರಡು ದಿನ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದು ಎಂಜಿನ್ನಿನ ಮೇಲೆ ತಲೆಗೆ ತಲೆ ಹತ್ತುವಂತೆ ಬಗ್ಗಿದೆವು. ಅಣ್ಣ ನಟ್ಟು ಹಿಡಿದ, ಮಿಸ್ತ್ರಿ ಕಿಡಿ ಹಾರಿಸಿದರು. ಪಾನಾ ತಾಗಿದ್ದೇ ತಡ, ಮೊದಲ ನಟ್ಟು ಕಳಚಿ ಬಂತು. ಎರಡನೆಯದೂ ಕಳಚಿತು. ಮಿಸ್ತ್ರಿ ಬೀಡಿ ಹೊತ್ತಿಸಿಕೊಂಡು ಆ ಕಡೆ ಹೋದರು. ನಾನು ಬ್ಲಾಕನ್ನೇ ನೋಡುತ್ತ ನಿಂತೆ. ಇದು ಹೋದರೆ ಟ್ರ್ಯಾಕ್ಟರ್ ಗುಜರಿಗೆ. ಆಮೇಲೆ ಅಂಗಳದ ನಡುವೆ ಗೋಡೆ ಏಳಲು ಯಾವ ಅಡ್ಡಿಯೂ ಇಲ್ಲ, ನಾನೇ ಬಾಯಿಬಿಟ್ಟು ಕೇಳಿದ್ದೇನೆ.

ಮೂರನೆಯ ನಟ್ಟು ಕೆಂಪಗೆ ಕಾದಿತ್ತು. ಅದು ಕಪ್ಪಾಗುವವರೆಗೆ ಬಿಟ್ಟು ಮಿಸ್ತ್ರಿ ತಲೆಯಾಡಿಸಿದರು.

"ಬತ್ತಿ ಹಿಡಿ," ಎಂದ ಅಣ್ಣ. ಎರಡು ದಿನಗಳಲ್ಲಿ ಅವನು ನನಗೆ ಆಡಿದ ಮೊದಲ ಮಾತು. ನಾನು ಮೇಣಬತ್ತಿಯನ್ನು ಬೋಲ್ಟಿನ ಬುಡಕ್ಕೆ ಒತ್ತಿದೆ. ಮೇಣ ಕರಗಿ ಎಣ್ಣೆಯಂತೆ ಸಂದಿಯೊಳಗೆ ಇಳಿಯಿತು. ಮಿಸ್ತ್ರಿ ಪಾನಾ ಹಾಕಿ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ, ಮತ್ತೆ ಮುಂದೆ, ಮತ್ತೆ ಹಿಂದೆ ಆಡಿಸಿದರು. ನಾನಾಗಿದ್ದರೆ ಐದು ಸಲ ಜಗ್ಗಿಬಿಡುತ್ತಿದ್ದೆ. ಕೊನೆಗೆ ಕಿರ್ ಎಂದು ಸಣ್ಣ ಸದ್ದಾಯಿತು. ಅಣ್ಣ ಉಸಿರು ಬಿಟ್ಟದ್ದು ನನ್ನ ಕೆನ್ನೆಗೆ ತಾಗಿತು.

ಬೋಲ್ಟು ಹೊರಗೆ ಬಂತು. ಬ್ಲಾಕು ಉಳಿಯಿತು.

ಮಿಸ್ತ್ರಿ ಅದನ್ನು ಅಲ್ಲಿಗೇ ಬಿಡಲಿಲ್ಲ. ಮುರಿದ ತಲೆ ಎಲ್ಲಿ ಎಂದು ಕೇಳಿದರು. ಅಣ್ಣ ಕಿಸೆಯಿಂದ ತೆಗೆದು ಕೊಟ್ಟ. ಎರಡನ್ನೂ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು.

"ಇದು ಕೈ ತಪ್ಪಲ್ರಿ. ಮುರಿಯೂಕಿಂತ ಮೊದಲ ಬೋಲ್ಟ್ ಅರ್ಧ ತಿಂದು ಹೋಗಿತ್ತು. ಹೊರಗಿಂದ ನೀರ ಇಳದು ಇಳದು ಜಂಗ್ ಹತ್ತೈತಿ. ಇಲ್ಲಿ ತಲಿ ಬುಡಕ ನೋಡ್ರಿ, ಕುಂಕುಮ ಗಟ್ಟಿಯಾಗಿ ಕುಂತೈತಿ. ಟೆಂಗಿನ ನೀರ ಇದರ ಮ್ಯಾಲ ಎರೀತೀರೇನು?"

ನನಗೆ ಒಂದು ಹಳೆಯ ಅಮಾವಾಸ್ಯೆ ನೆನಪಾಯಿತು. ಮೊದಲೆಲ್ಲ ಪೂಜೆ ಮುಗಿದ ಕೂಡಲೇ ಅಣ್ಣ ಹೆಗಲ ಮೇಲಿನ ಟಾವೆಲ್ಲಿನಿಂದ ಆ ನೀರನ್ನು ಒರೆಸಿಬಿಡುತ್ತಿದ್ದ. ಒಂದು ಸಲ ಬೀಗರೆಲ್ಲ ನೆರೆದಿದ್ದಾಗ ನಾನು, "ದೇವರಿಗೆ ಎರದ ನೀರ ಒರಸ್ತೀಯಲ್ಲ ಅಣ್ಣಾ, ನಾ ಮಾಡಿದ ಪೂಜಾ ಮೈಲಿಗಿ ಆತೇನು?" ಎಂದು ಆಡಿಕೊಂಡಿದ್ದೆ. ಬೀಗರು ಗೊಳ್ಳೆಂದು ನಕ್ಕರು. ಅವನೂ ನಕ್ಕ. ಅಂದಿನಿಂದ ಒರೆಸುವುದನ್ನು ಬಿಟ್ಟುಬಿಟ್ಟ.

"ನಾ ಎರೀತೀನ್ರಿ," ಎಂದೆ ಮಿಸ್ತ್ರಿಗೆ. ಅಷ್ಟೇ ಹೇಳಲಾಯಿತು.

ಬಿತ್ತನೆ ಆಯಿತು. ಅಮಾವಾಸ್ಯೆ ಬಂತು. ಬಾನೆಟ್ ಎತ್ತಿ ವಿಭೂತಿ ಹಚ್ಚಿ, ಈ ಸಲ ಕಾಯಿಯ ನೀರನ್ನು ಗಾಲಿಯ ಮುಂದೆ ನೆಲಕ್ಕೆ ಚೆಲ್ಲಿದೆ. ಆದರೂ ಒಡೆಯುವಾಗ ನಾಲ್ಕು ಹನಿ ಹೊಸ ಪಂಪಿನ ಮೇಲೆ ಸಿಡಿದಿದ್ದವು. ಅಣ್ಣ ಪಕ್ಕದಲ್ಲೇ ಇದ್ದ. ಕೈ ಹೆಗಲ ಟಾವೆಲ್ಲಿನವರೆಗೆ ಹೋಗಿ ನಿಂತಿತು. ನನ್ನ ಮುಖ ನೋಡಿದ.

"ಒರಸ್ಲೇನು?" ಎಂದ.

ಅದರಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ನನ್ನನ್ನು ಕೇಳುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ಶಾಲೆಗೆ ಬಿಟ್ಟುಬಂದ ಅಣ್ಣ, ತನ್ನದೇ ಟ್ರ್ಯಾಕ್ಟರ್ ಒರೆಸಲು ನನ್ನ ಅಪ್ಪಣೆಗೆ ಕಾಯುತ್ತಿದ್ದ. ಈ ಅಭ್ಯಾಸ ಹಚ್ಚಿದವನು ನಾನು. ಕಣ್ಣು ತುಂಬಿದವು. ಅವನ ಹೆಗಲಿನಿಂದ ಟಾವೆಲ್ ಎಳೆದುಕೊಂಡು, ನಾನೇ ಬಗ್ಗಿ ಪಂಪು, ಬ್ಲಾಕು, ನಾಲ್ಕೂ ಬೋಲ್ಟು ಒರೆಸಿದೆ.

ವೈನಿ ಚಹಾ ತಂದಿದ್ದರು. ನಾನು ತಲೆ ಎತ್ತದೆ ಹೇಳಿದೆ, "ವೈನಿ, ಅವತ್ತ ಪಂಚ್ ಹೊಡದಾಂವ ಅಣ್ಣ ಅಲ್ರಿ. ನಾನು."

"ಗೊತ್ತೈತಿ," ಎಂದರು ವೈನಿ. "ಹೊಡಿಯೂದನ್ನ ನಾವಿಬ್ರೂ ಕಿಡಕ್ಯಾಗಿಂದ ನೋಡಿದ್ವಿ. ನಿಮ್ಮಣ್ಣ ಹೊಲಕ್ಕ ಹ್ವಾದಾಂವ ಪಾನಾ ಮರತು ಹಿತ್ತಲ ಬಾಗಲದಿಂದ ತಿರುಗಿ ಬಂದಿದ್ದ. ಚಾ ಆರತೈತಿ, ಕುಡಿ."